ಮಣ್ಣನ್ನೇ ಮಕ್ಕಳ ಕೈಗೆ ಕೊಡಿ
ಮೂರು ವರ್ಷದ ಮಕ್ಕಳಿಗೆ ಅಕ್ಷರ ತಿದ್ದಿಸುವ ಮೊದಲು ಆಟ ಆಡಿಸಿ ಎಂದು ಬರೆದಿದ್ದೀರಿ. ಪೂರ್ತಿ ಒಪ್ಪುತ್ತೇನೆ. ನಮ್ಮ ರಾಯಚೂರು ಕಡೆ ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಮಣ್ಣು ಕಲಸಿ ಎತ್ತು ಮಾಡುತ್ತಾರೆ. ಕೊಂಬು ತಿದ್ದುವಾಗ, ಗೋದಲಿ (ಎತ್ತಿಗೆ ಮೇವು ಹಾಕುವ ತೊಟ್ಟಿ) ಮಾಡುವಾಗ ಬೆರಳಿನ ಸಣ್ಣ ಸ್ನಾಯುಗಳಿಗೆ ಎಷ್ಟು ಕೆಲಸ! ಮುಂದೆ ಪೆನ್ಸಿಲ್ ಹಿಡಿಯಲು ಬೇಕಾಗುವುದೂ ಇದೇ ಬಲ. ಈಗ ರೆಡಿ ಎತ್ತು ಕೊಂಡು ತರುವುದೇ ಜಾಸ್ತಿ. ದಯವಿಟ್ಟು ಮಣ್ಣನ್ನೇ ಕೊಡಿ, ಬಟ್ಟೆ ಕೊಳೆಯಾದರೆ ಒಗೆದರಾಯ್ತು.

3-4 ವರ್ಷದವರಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಓಡಾಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಆದರೆ ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ಹೊರಗೆ ಬಿಡಲು ಆಗುವುದಿಲ್ಲ ಅಲ್ವಾ? ಹಾಗಾಗಿ ಬೆಳಿಗ್ಗೆ, ಸಂಜೆ ಕುಂಟೆಬಿಲ್ಲೆ, ಓಟ. ಬಿಸಿಲೇರಿದ ಮೇಲೆ ನೆರಳಲ್ಲಿ ಮಣ್ಣಾಟ. ಪ್ರತಿ ಅಂಗನವಾಡಿ ಮುಂದೆ ಒಂದು ಬೇವಿನ ಮರ, ಒಂದಿಷ್ಟು ಮರಳು ಇರಲೇಬೇಕು.