ಸತ್ಯಾಂಶ: ನೊಮ್ವುಲಾ ಮಳೆದೇವತೆಯ ಹೆಸರೇ?

ಮಕ್ಕಳಿಗೆ ಹೆಸರು ಸೂಚಿಸುವ ಫಾರ್ವರ್ಡ್ ಸಂದೇಶಗಳಲ್ಲಿ ‘ನೊಮ್ವುಲಾ’ ಎಂಬುದು ಆಫ್ರಿಕನ್ ಭಾಷೆಯಲ್ಲಿ ಮಳೆದೇವತೆಯ ಹೆಸರು ಎಂಬ ಮಾತು ಆಗಾಗ ಕಾಣಿಸುತ್ತದೆ. ಮಳೆಯ ನಂಟು ನಿಜ. ಆದರೆ ಅದು ದೇವತೆಯ ಹೆಸರಲ್ಲ, ಆಫ್ರಿಕನ್ ಎಂಬ ಒಂದೇ ಭಾಷೆಯೂ ಇಲ್ಲ.

ದಕ್ಷಿಣ ಆಫ್ರಿಕಾದ ಜುಲು ಜನರಲ್ಲಿ ಇದು ಹೆಣ್ಣುಮಕ್ಕಳಿಗೆ ಇಡುವ ರೂಢಿಯ ಹೆಸರು. ಜುಲು ಭಾಷೆಯಲ್ಲಿ ‘ಇಮ್ವುಲಾ’ ಎಂದರೆ ಮಳೆ. ಹೆಣ್ಣುಮಕ್ಕಳ ಅನೇಕ ಹೆಸರುಗಳ ಮೊದಲಲ್ಲಿ ಬರುವ ‘ನೊ’ ಅದಕ್ಕೆ ಸೇರಿ, ಸಾಮಾನ್ಯವಾಗಿ ಮಳೆ ಬರುತ್ತಿರುವಾಗ ಹುಟ್ಟಿದ ಮಗುವಿಗೆ ಈ ಹೆಸರಾಗುತ್ತದೆ. ಹುಟ್ಟಿನ ಸಂದರ್ಭವನ್ನೋ ಮನೆಯವರ ಮನಸ್ಸನ್ನೋ ಹೆಸರಿನಲ್ಲಿ ಹೇಳುವ ಸೊಗಸಾದ ಪದ್ಧತಿ ಅವರದು: ಬಹುಕಾಲ ಕಾದು ಪಡೆದ ಮಗಳು ಲಿಂಡಿವೆ, ಉಡುಗೊರೆಯಾಗಿ ಬಂದ ಮಗ ಸಿಫೊ, ಕೃತಜ್ಞತೆಯನ್ನು ಸೂಚಿಸುವ ಹೆಸರು ಸಿಬೊಂಗಿಲೆ.

ಜುಲು ಸಂಪ್ರದಾಯದಲ್ಲಿ ಮಳೆ, ಬೆಳೆ, ಫಲವತ್ತತೆಗಳೊಂದಿಗೆ ಬೆಸೆದುಕೊಂಡಿರುವ ದೇವತೆ ನೊಮ್‌ಖುಬುಲ್ವಾನೆ. ಆಕೆಯ ಆಚರಣೆಯಲ್ಲಿ ಹುಡುಗಿಯರು ಆಕೆಗೆಂದೇ ಒಂದು ತುಂಡು ಹೊಲ ಬಿತ್ತುತ್ತಿದ್ದರು, ಗಂಡಸರ ಉಡುಗೆ ತೊಟ್ಟು, ಗಂಡಸರದೇ ಆಗಿದ್ದ ದನ ಮೇಯಿಸುವ ಕೆಲಸವನ್ನೂ ಮಾಡುತ್ತಿದ್ದರು. ಎರಡೂ ಹೆಸರುಗಳು ‘ನೊಮ್’ ಎಂದೇ ಆರಂಭವಾಗುವುದರಿಂದ, ಪ್ರೀತಿಯಿಂದ ಹೆಸರು ಹುಡುಕುವ ಯಾರಿಗಾದರೂ ಗೊಂದಲವಾಗುವುದು ಸಹಜ.

ಇಂಥ ಪಟ್ಟಿ ಕೈಗೆ ಬಂದಾಗ, ಅದು ಭಾಷೆಯ ಹೆಸರನ್ನು ಹೇಳುತ್ತದೆಯೋ ಅಥವಾ ಖಂಡದ ಹೆಸರಷ್ಟನ್ನೇ ಹೇಳಿ ಬಿಡುತ್ತದೆಯೋ ಎಂದು ಮೊದಲು ನೋಡಬೇಕು. ಭಾಷೆ ತಿಳಿದರೆ, ಹೆಸರನ್ನು ಬಿಡಿಸಿ ಮೂಲಪದವನ್ನು ಆ ಭಾಷೆಯ ನಿಘಂಟಿನಲ್ಲಿ ಹುಡುಕಬಹುದು. ಜುಲು ನಾಮಪದಗಳ ಮೊದಲಲ್ಲಿ ‘ಇ’, ‘ಉ’ಗಳಂಥ ಪ್ರತ್ಯಯ ಸೇರಿರುತ್ತದೆ ಎಂಬುದು ನೆನಪಿದ್ದರೆ ಹುಡುಕಾಟ ಸುಲಭ.