ಹಳೇ ಫೋನೋಗ್ರಾಫಿನ ಮರಕ್ಕೆ ಮತ್ತೆ ಮೆರುಗು ಕೊಡಬೇಕೇ?

ಪರ: ಕೊಳೆಗೆ ಯಾಕೆ ಅಷ್ಟು ಮರ್ಯಾದೆ?

ಎಡಿಸನ್ 'ಸ್ಟ್ಯಾಂಡರ್ಡ್' ಫೋನೋಗ್ರಾಫ್, ಅಂದರೆ ಕೀ ಕೊಟ್ಟು ಹಾಡು ಕೇಳುವ ಯಂತ್ರ, 1898ರಲ್ಲಿ ಮಾರಾಟಕ್ಕೆ ಬಂತು. ಆಗ ಅದರ ಓಕ್ ಪೆಟ್ಟಿಗೆ ಈಗ ಕಾಣುವ ಹಾಗೆ ಕಪ್ಪಗಿರಲಿಲ್ಲ. ಮರದ ಗೆರೆಗಳು ಎದ್ದು ಕಾಣುವಂತೆ ಹೊಳೆಯುತ್ತಿತ್ತು. ಈಗಿನ ಕಪ್ಪು ಎಲ್ಲಿಂದ ಬಂತು? ಒಲೆಯ ಹೊಗೆ, ಮೋಟಾರಿನ ಎಣ್ಣೆ, ಕೀ ಕೊಟ್ಟವರ ಕೈಜಿಡ್ಡು, ಎಲ್ಲ ಸೇರಿ ಕೂತಿದೆ. ಇದನ್ನೇ 'ವಯಸ್ಸಿನ ಕಳೆ' ಎಂದು ಕೆಲವರು ಹೊಗಳುತ್ತಾರೆ. ತೊಳೆಯದ ಪಾತ್ರೆಗೆ ಯಾರೂ ಹಾಗೆ ಹೇಳುವುದಿಲ್ಲ, ಅಲ್ವಾ?

ಈ ಯಂತ್ರಗಳನ್ನು ಮಾಡಿದವರೇ ಅಂದಕ್ಕೆ ಬಹಳ ತಲೆ ಕೆಡಿಸಿಕೊಂಡಿದ್ದರು. ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ ಎಲ್ಡ್ರಿಜ್ ಜಾನ್ಸನ್ ಕಟ್ಟಿದ ವಿಕ್ಟರ್ ಕಂಪನಿ 1906ರಲ್ಲಿ 'ವಿಕ್ಟ್ರೋಲಾ' ತಂತು. ಅದರಲ್ಲಿ ದನಿ ಹೊರಬರುವ ಕಹಳೆಯನ್ನು ಪೆಟ್ಟಿಗೆಯೊಳಗೇ ಬಚ್ಚಿಟ್ಟಿದ್ದರು. ಯಾಕೆ? ಹಜಾರದಲ್ಲಿ ಅದು ಯಂತ್ರದಂತೆ ಕಾಣದೆ ಒಳ್ಳೆಯ ಪೀಠೋಪಕರಣದಂತೆ ಕಾಣಲಿ ಅಂತ. ಹಾಗೆ ಮಾರಿದ ವಸ್ತುವನ್ನು ಮಾಸಿದ ಹಾಗೇ ಇಡುವುದು ಮಾಡಿದವರಿಗೆ ತೋರುವ ಗೌರವ ಅಂತ ನನಗನ್ನಿಸುವುದಿಲ್ಲ.

ಇನ್ನೊಂದು ವಿಷಯ. ಆ ಕಾಲದ ಎಷ್ಟೋ ಪೆಟ್ಟಿಗೆಗಳಿಗೆ ಹಚ್ಚಿದ್ದು ಶೆಲ್ಯಾಕ್, ಅಂದರೆ ನಮ್ಮ ಅರಗು. ಜಾರ್ಖಂಡ್ ಕಡೆಯ ಕಾಡುಗಳಲ್ಲಿ ಮುತ್ತುಗದಂಥ ಮರಗಳ ಮೇಲೆ ಪುಟ್ಟ ಕೀಟ ಸುರಿಸುವ ರಾಳ ಇದು. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವುದೂ ಅರಗೇ. ತಮಾಷೆ ಎಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಹಾಡಿನ ತಟ್ಟೆಗಳಲ್ಲೂ ಅದೇ ಇತ್ತು. ಪೆಟ್ಟಿಗೆಯೂ ಅರಗು, ಅದರ ಮೇಲೆ ಹಾಡುವ ತಟ್ಟೆಯೂ ಅರಗು!

ಈ ಅರಗು ನೂರು ವರ್ಷ ಕಳೆದರೂ ಸಾಮಾನ್ಯವಾಗಿ ಸ್ಪಿರಿಟ್‌ಗೆ, ಅಂದರೆ ಆಲ್ಕೋಹಾಲ್‌ಗೆ, ಕರಗುತ್ತದೆ. ಹಾಗಾಗಿ ಹಳೆಯದನ್ನು ಕೆರೆದು ಬಿಸಾಡಬೇಕಿಲ್ಲ. ಮೊದಲು ಜಿಡ್ಡು ತೆಗೆಯಬೇಕು. ಆಮೇಲೆ ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ಹನಿ ಸ್ಪಿರಿಟ್ ಹಾಕಿ ನೋಡಬೇಕು. ಅಂಟಂಟಾದರೆ ಅರಗು. ಆಗ ಮೆತ್ತನೆಯ ಬ್ರಷ್‌ನಿಂದ ತೆಳ್ಳಗೆ ಸ್ಪಿರಿಟ್ ಸವರಿದರೆ ಬಿರುಕು ಬಿಟ್ಟ ಪದರ ಕರಗಿ ಮತ್ತೆ ಒಂದಾಗುತ್ತದೆ. ನೀರು ಬಿದ್ದು ಆದ ಬಿಳಿ ಕಲೆಯೂ ಹೆಚ್ಚಾಗಿ ಹೋಗುತ್ತದೆ. ಕಾರ್ಖಾನೆಯವರು ಹಚ್ಚಿದ ಅರಗೇ ಉಳಿಯಿತು, ಹೊಳಪೂ ಬಂತು. ಮೆರುಗು ಹೋದ ಮರ ತೇವ ಹೀರುತ್ತದೆ, ಅಂಟು ಬಿಡುತ್ತದೆ. ಮುಟ್ಟದೆ ಬಿಟ್ಟರೆ ಉಳಿಯುತ್ತದೆ ಅನ್ನುವುದು ಸೋಮಾರಿಗಳ ಮಾತು.

ವಿರೋಧ: ಒಂದೇ ಹನಿ ಸಾಕು, ಹೆಸರು ಹೋಗಲು

ಕೊಳೆ ತೆಗೆಯಬೇಡಿ ಅಂತ ಯಾರು ಹೇಳಿದರು? ಒರೆಸಿ, ಸ್ವಲ್ಪ ಮೇಣ ತಿಕ್ಕಿ. ಮೆರುಗನ್ನೇ ಕರಗಿಸಲು ಹೊರಟಾಗ ನನ್ನ ಜಗಳ ಶುರು.

ಎಡಿಸನ್ ಪೆಟ್ಟಿಗೆಯ ಮುಂಭಾಗದಲ್ಲಿ ಎಡಿಸನ್ ಹೆಸರಿನ ಚಿನ್ನದ ಬಣ್ಣದ ಅಚ್ಚು ಇರುತ್ತದೆ. ಮರಕ್ಕೆ ಅಂಟಿಸಿ ಮೇಲೆ ಮೆರುಗು ಹಚ್ಚಿದ ತೆಳು ಚಿತ್ರ ಅದು. ಸ್ಪಿರಿಟ್ ಹಚ್ಚಿದ ಬಟ್ಟೆ ಅದರ ಮೇಲೆ ಒಮ್ಮೆ ಓಡಿದರೆ ಹೆಸರೂ ಹೋಯಿತು, ಚಿನ್ನವೂ ಹೋಯಿತು. ನಕಲು ಅಚ್ಚು ಕೊಂಡು ಅಂಟಿಸಬಹುದು. ಅದು ನಕಲೇ.

ಎಲ್ಲ ಪೆಟ್ಟಿಗೆಯೂ ಅರಗಿನದ್ದಲ್ಲ. ಕೆಲವಕ್ಕೆ ಎಣ್ಣೆ ವಾರ್ನಿಶ್. 1920ರ ದಶಕದಲ್ಲಿ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಅನ್ನುವ ಇನ್ನೊಂದು ಬಗೆಯ ಮೆರುಗು ಬಂತು. ಸ್ಪಿರಿಟ್‌ಗೆ ವಾರ್ನಿಶ್ ಸುಲಭವಾಗಿ ಬಗ್ಗದಿದ್ದಾಗ ಕೈ ತಾನಾಗಿ ಪೇಂಟ್ ರಿಮೂವರ್ ಕಡೆ ಹೋಗುತ್ತದೆ, ಆಮೇಲೆ ಉಪ್ಪುಕಾಗದದ ಕಡೆ. ಮಹೋಗನಿ ವಿಕ್ಟ್ರೋಲಾಗಳ ಮೇಲ್ಮೈ ದಪ್ಪ ಹಲಗೆಯಲ್ಲ, ಅಗ್ಗದ ಮರದ ಮೇಲೆ ಅಂಟಿಸಿದ ವಿನೀರ್, ಅಂದರೆ ಮರದ ತೆಳು ಹಾಳೆ. ಅಂಚಿನಲ್ಲಿ ಸ್ವಲ್ಪ ಜಾಸ್ತಿ ತಿಕ್ಕಿದರೆ ಕೆಳಗಿನ ಮರ ಇಣುಕುತ್ತದೆ. ಅದಕ್ಕೆ ಮದ್ದಿಲ್ಲ. ಮರದ ರಂಧ್ರ ಮುಚ್ಚಲು ತುಂಬಿದ ಬಣ್ಣದ ಪುಡಿಯೂ ಕೆರೆತದಲ್ಲಿ ಎದ್ದು ಬರುತ್ತದೆ. ಆಮೇಲೆ ಎಷ್ಟು ಹಚ್ಚಿದರೂ ಮಹೋಗನಿಯ ಆ ಕೆಂಪು ಮತ್ತೆ ಬರುವುದು ಕಷ್ಟ.

ನಮ್ಮ ದೇಶದಲ್ಲಿ ಇನ್ನೊಂದು ತೊಂದರೆ ಇದೆ. ಹಳೆ ಪೋರ್ಟಬಲ್ ಗ್ರಾಮಫೋನಿನ ಮೋಟಾರ್ ಕಿತ್ತು, ಹೊಸ ಮರದ ಪೆಟ್ಟಿಗೆಗೆ ಕೂರಿಸಿ, ಹಿತ್ತಾಳೆ ಕಹಳೆ ಸಿಕ್ಕಿಸಿ, ಎಚ್ಎಂವಿ ಕಂಪನಿಯ ಗುರುತಾದ ನಾಯಿಯ ಚಿತ್ರ ಅಂಟಿಸಿ 'ಆಂಟಿಕ್' ಅಂತ ಮಾರುವ ದಂಧೆ ಎಲ್ಲರಿಗೂ ಗೊತ್ತು. ಹೊಸ ಪಾಲಿಶ್, ಗೀರಿಲ್ಲದ ಅಂಚು, ಮಿರಿಮಿರಿ ಹೊಳಪು: ನಕಲಿಯ ಗುರುತು ಇವೇ. ನಿಜವಾದ ಯಂತ್ರಕ್ಕೂ ಅದೇ ವೇಷ ಹಾಕಿದರೆ ಕೊಳ್ಳುವವನು ನಂಬುವುದು ಹೇಗೆ? ಬಿರುಕು ಬಿಟ್ಟ ಹಳೆ ಮೆರುಗನ್ನು ನಕಲು ಮಾಡುವುದು ಅಷ್ಟು ಸುಲಭವಲ್ಲ. ತಿಳಿದ ಸಂಗ್ರಾಹಕರು ಅದಕ್ಕೇ ಹೆಚ್ಚು ದುಡ್ಡು ಕೊಡುವುದು ಸುಮ್ನೆ ಅಲ್ಲ.

ಮನೆಮದ್ದಿನ ಬಗ್ಗೆಯೂ ಒಂದು ಮಾತು. ಅಗಸೆ ಎಣ್ಣೆ ತಿಕ್ಕಬೇಡಿ. ಮೊದಲು ಫಳಫಳ ಅನ್ನುತ್ತದೆ, ವರ್ಷ ಕಳೆದಂತೆ ಅಂಟಾಗಿ, ಕಪ್ಪಾಗಿ, ಧೂಳು ಹಿಡಿಯುತ್ತದೆ. ಪರವಾದಿಗಳು ಬೈಯುವ ಆ ಕಪ್ಪಿನಲ್ಲಿ ಇಂಥ ಅಕ್ಕರೆಯ ಪಾಲೂ ಇದೆ.

ನೆರೆಯಲ್ಲಿ ನೆನೆದೋ ಬಿಸಿಲಿಗೆ ಬಿದ್ದೋ ಮೆರುಗೇ ಉಳಿಯದ ಪೆಟ್ಟಿಗೆ ಇದ್ದರೆ ಮಾತು ಬೇರೆ. ಅದಕ್ಕೆ ಹೊಸ ಅರಗು ಹಚ್ಚಿ, ನನ್ನ ತಕರಾರಿಲ್ಲ. ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ ಮೆರುಗು ಮಾತ್ರ ಬೇಡ. ಅದು ಸ್ಪಿರಿಟ್‌ಗೆ ಕರಗುವುದಿಲ್ಲ, ಬಿಡಿಸಲು ಹೋದರೆ ಮರವೂ ಜೊತೆಗೆ ಬರುತ್ತದೆ. ಕೆಲಸಕ್ಕೆ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಏನು ಹಚ್ಚಿದಿರಿ, ಯಾವ ವರ್ಷ ಅಂತ ಒಂದು ಚೀಟಿ ಬರೆದು ಪೆಟ್ಟಿಗೆಯೊಳಗೆ, ಮೋಟಾರಿಗೆ ತಾಗದ ಕಡೆ ಅಂಟಿಸಿ.