ಅಣುಶಕ್ತಿ ಬಂದರೂ ತೈಲ ಹಡಗು ಬೇಕೇ ಬೇಕು

ಕ್ಯಾಲಿಫೋರ್ನಿಯಾದ ಸೂಯ್ಸನ್ ಕೊಲ್ಲಿಯಲ್ಲಿ ತುಕ್ಕು ಹಿಡಿದು ಸಾಲಾಗಿ ನಿಂತ ಹಡಗುಗಳ ಚಿತ್ರದ ಜತೆ ಒಂದು ಸಂದೇಶ ಓಡಾಡುತ್ತಿದೆ: ‘ಅಮೆರಿಕದ ಯುದ್ಧನೌಕೆಗಳೆಲ್ಲ ಅಣುಶಕ್ತಿಯವು, ಹಾಗಾಗಿ ತೈಲ ಹಡಗುಗಳನ್ನು ಮೂಲೆಗೆ ತಳ್ಳಿದ್ದಾರೆ.’ ಇದು ಸರಿಯಲ್ಲ.

ಅಲ್ಲಿದ್ದ ಹಳೆಯ ನೌಕಾ ಟ್ಯಾಂಕರ್‌ಗಳು, ಅಂದರೆ ನಡುಗಡಲಲ್ಲಿ ಯುದ್ಧನೌಕೆಗಳಿಗೆ ಇಂಧನ ತುಂಬಿಸುವ ಹಡಗುಗಳು, ನಿವೃತ್ತಿಯಾಗಿದ್ದು ವಯಸ್ಸಾಗಿ. 1944ರಲ್ಲಿ ಸೇವೆಗೆ ಸೇರಿದ ‘ಟಲೂಗಾ’ವನ್ನೇ ನೋಡಿ. 1945ರ ಏಪ್ರಿಲ್‌ನಲ್ಲಿ ಒಕಿನಾವಾ ಬಳಿ ಜಪಾನಿನ ಆತ್ಮಾಹುತಿ ವಿಮಾನ ಬಡಿದರೂ ಅದು ಉಳಿದುಕೊಂಡಿತು, ಮುಂದೆ ದಶಕಗಳ ಕಾಲ ದುಡಿಯಿತು. ಅಂಥ ಹಡಗನ್ನು ‘ಬೇಡವಾದದ್ದು’ ಅನ್ನುವುದು ಅನ್ಯಾಯ.

1964ರಲ್ಲಿ ಮೂರು ಅಣುಶಕ್ತಿ ನೌಕೆಗಳು ದಾರಿಯಲ್ಲಿ ಇಂಧನ ತುಂಬಿಸದೆ ಭೂಮಿ ಸುತ್ತಿದ್ದು ನಿಜ. ಆದರೆ ಇಂದು ಅಮೆರಿಕದ ಮೇಲ್ಮೈ ಯುದ್ಧನೌಕೆಗಳಲ್ಲಿ ಅಣುಶಕ್ತಿ ಇರುವುದು ವಿಮಾನವಾಹಕಗಳಿಗೆ ಮಾತ್ರ. ಬೆಂಗಾವಲಿನ ಡಿಸ್ಟ್ರಾಯರ್‌ಗಳು ಉರಿಸುವುದು ತೈಲವನ್ನೇ. ವಿಮಾನವಾಹಕದ ಮೇಲಿನ ವಿಮಾನಗಳಿಗೂ ಜೆಟ್ ಇಂಧನ ಬೇಕಲ್ಲ!

ಸಾಗುತ್ತಲೇ ನಡುಗಡಲಲ್ಲಿ ಇಂಧನ ತುಂಬಿಸುವ ಕೆಲಸ ಸಲೀಸಲ್ಲ. ಎರಡೂ ಹಡಗು ಒಂದೇ ವೇಗದಲ್ಲಿ, ಸುಮಾರು 50 ಮೀಟರ್ ಅಂತರದಲ್ಲಿ ಪಕ್ಕಪಕ್ಕ ಸಾಗಬೇಕು. ಮೊದಲು ಬಂದೂಕಿನಿಂದ ತೆಳುವಾದ ದಾರ ಹಾರಿಸುತ್ತಾರೆ. ಅದಕ್ಕೆ ದಪ್ಪ ಹಗ್ಗ, ಹಗ್ಗಕ್ಕೆ ಉಕ್ಕಿನ ಕೇಬಲ್ ಕಟ್ಟಿ ಎಳೆದುಕೊಳ್ಳುತ್ತಾರೆ. ಕೇಬಲ್ಲಿಗೆ ಜೋತುಬಿದ್ದ ಕೊಳವೆಯಲ್ಲಿ ತೈಲ ಹರಿಯುತ್ತದೆ. ಅಲೆಗೆ ಹಡಗು ಸ್ವಲ್ಪ ದಿಕ್ಕು ತಪ್ಪಿದರೂ ಡಿಕ್ಕಿಯ ಭಯ, ಆದ್ದರಿಂದ ತಕ್ಷಣ ಬಿಡಿಸಿಕೊಳ್ಳುವ ಅಭ್ಯಾಸವೂ ಸಿಬ್ಬಂದಿಗೆ ಇರುತ್ತದೆ.

ಹಳೆಯವುಗಳ ಜಾಗಕ್ಕೆ ‘ಜಾನ್ ಲೂಯಿಸ್’ ವರ್ಗದ ಹೊಸ ಟ್ಯಾಂಕರ್‌ಗಳು ಬರುತ್ತಿವೆ. ಮೊದಲನೆಯದು 2022ರಲ್ಲಿ ನೌಕಾಪಡೆಯ ಕೈಸೇರಿತು. ನಮ್ಮ ನೌಕಾಪಡೆಯೂ ಹಳೆಯ ‘ದೀಪಕ್’, ‘ಶಕ್ತಿ’ ನಿವೃತ್ತಿಯಾದ ಮೇಲೆ ಅದೇ ಹೆಸರಿನ ಹೊಸ ಹಡಗುಗಳನ್ನು 2011ರಲ್ಲಿ ಸೇವೆಗೆ ಸೇರಿಸಿಕೊಂಡಿತು.